ಸುಬೇದಾರರು ಓದಿದ ಪುಸ್ತಕ

ಸೌದಿಯ ಅಲ್ ಖೋಬರಿನ ನಮ್ಮ ಮನೆಗೆ ಶುಕ್ರವಾರದ ಊಟಕ್ಕೆ ಬರುತ್ತಿದ್ದ ಸುಬೇದಾರರಿಗೆ ಎಷ್ಟು ಕೈ ಮುಗಿದರೂ ನನಗೆ ಸಾಲದು. ಸೈನ್ಯದಿಂದ ನಿವೃತ್ತರಾಗಿ ನಮ್ಮ ಕಂಪನಿಯಲ್ಲಿ ಸೇಫ್ಟಿ ಆಫೀಸರ್ ಆಗಿದ್ದ ಉಡುಪಿ ಕಡೆಯ ಮನುಷ್ಯ. ಅಂಥವರನ್ನು ನಾನು ಮಗಳ ಮೇಲೆ ಛೂ ಬಿಡಲು ಹೊರಟಿದ್ದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಮಗಳು ಹೊರದೇಶದಲ್ಲಿ ಕಲಿಯುತ್ತಿದ್ದಳು. ಕಾಲೇಜಿನ ಅಂಗಳದಲ್ಲಿ ‘ಯುದ್ಧ ನಿಲ್ಲಿಸಿ’ ಎಂಬ ಬೋರ್ಡು ಹಿಡಿದು ಕೂತ ಫೋಟೋ ಕಳಿಸಿದಳು. ಇಪ್ಪತ್ತು ವರ್ಷ ಇಕಾಮಾ ಎಂಬ ವಾಸದ ಪರವಾನಗಿಯನ್ನು ಜೇಬಿನಲ್ಲಿಟ್ಟುಕೊಂಡು, ಪರರ ದೇಶದಲ್ಲಿ ಬಾಯಿ ಮುಚ್ಚಿ ಬದುಕಿದವನು ನಾನು. ಬೋರ್ಡು ಹಿಡಿದರೆ ವೀಸಾ ಹೋಯಿತೆಂದೇ ನನಗೆ ಗೊತ್ತಿದ್ದದ್ದು. “ಓದೂ ಬೇಡ, ಎಂತದೂ ಬೇಡ, ವಾಪಸ್ ಬಾ” ಎಂದು ಕೂಗಾಡಿ ಟಿಕೆಟನ್ನೂ ತೆಗೆದುಬಿಟ್ಟೆ. ಬರುವುದಿಲ್ಲವೆಂದು ಅವಳು ಹಟ ಹಿಡಿದಳು. ಆಮೇಲೆ ಮಾತೇ ನಿಂತಿತು.

ರಜೆಗೆ ಬಂದಾಗ ಅವಳು ಬಿಟ್ಟುಹೋಗಿದ್ದ ಇತಿಹಾಸದ ದಪ್ಪ ಪುಸ್ತಕವೊಂದು ಮನೆಯಲ್ಲಿತ್ತು. ಹಳೆಯದೊಂದು ಯುದ್ಧದ್ದು. ಒಂದು ಅಧ್ಯಾಯದಲ್ಲಿ ಕಾಡಿನೊಳಗೆ ಸಿಪಾಯಿಗಳ ಕಾಳಗ, ಮುಂದಿನದರಲ್ಲಿ ಆ ಯುದ್ಧವೇ ಬೇಡವೆಂದು ಕಾಲೇಜು ಮಕ್ಕಳ ಧರಣಿ. ಎಲ್ಲ ಇದರದ್ದೇ ಕಿತಾಪತಿ ಎಂದುಕೊಂಡು ಅದನ್ನು ಸುಬೇದಾರರ ಕೈಗಿಟ್ಟೆ.

“ಓದಿ ಮಾರಾಯ್ರೆ. ಸಿಪಾಯಿ ಕಷ್ಟ ಎಂತದು ಅಂತ ಅವಳಿಗೆ ನೀವೇ ಹೇಳಿ. ನನ್ನ ಮಾತು ಅವಳು ಕೇಳುದಿಲ್ಲ.”

ಮುಂದಿನ ಶುಕ್ರವಾರ ಬಂದವರು ಬಂಗುಡೆ ಸಾರನ್ನು ಮುಟ್ಟಲೇ ಇಲ್ಲ. “ಮೊದಲು ಫೋನ್ ಮಾಡಿ ಅವಳಿಗೆ” ಎಂದರು. ಸರಿಯಾಗಿ ಬೈಸಿಕೊಳ್ಳುತ್ತಾಳೆ ಎಂದು ನಾನು ಒಳಗೊಳಗೇ ಖುಷಿಪಟ್ಟು, ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ.

“ಮಗಾ, ನಿನ್ನ ಪುಸ್ತಕ ಓದಿದೆ” ಎಂದರು ಸುಬೇದಾರರು. “ನಾನೂ ಯುದ್ಧಕ್ಕೆ ಹೋದವ. ಗುಡ್ಡದ ಮೇಲೆ ಗುಂಡು ತಾಗಿ ನನ್ನ ಪಕ್ಕದಲ್ಲೇ ಇದ್ದವ ಹೋದ. ಇದೊಂದು ಮುಗಿದ್ರೆ ಸಾಕು ಅಂತ ನಮಗೆಲ್ಲ ಇತ್ತು. ಯೂನಿಫಾರ್ಮ್ ಹಾಕಿದ ಮೇಲೆ ಅದನ್ನು ಬಾಯಿಬಿಟ್ಟು ಹೇಳ್ಲಿಕ್ಕೆ ಆಗ್ತದಾ? ನಿನಗೆ ಆಗ್ತದೆ. ಹೇಳು. ಕಲ್ಲುಗಿಲ್ಲು ಮಾತ್ರ ಎತ್ತಬೇಡ. ಕಾಲೇಜಿನವರು ಹೇಳಿದ ಕಡೆಯೇ ಕೂತ್ಕೋ.”

“ಅಲ್ಲೇ ಕೂತದ್ದು ಮಾಮ, ಪರ್ಮಿಶನ್ ತಗೊಂಡೇ. ಅಪ್ಪ ಕೇಳ್ಲೇ ಇಲ್ಲ.”

ನಿಜ, ಕೇಳಿರಲಿಲ್ಲ. ಸುಬೇದಾರರು ನನಗೊಂದು ಮಾತೂ ಅನ್ನದೆ ಫೋನನ್ನು ನನ್ನ ಕೈಗೆ ಕೊಟ್ಟು ಬಾಲ್ಕನಿಗೆ ಹೋದರು. ಆ ಮೌನಕ್ಕೂ ನಾನು ಅವರಿಗೆ ಋಣಿ.

“ಟಿಕೆಟ್ ಕ್ಯಾನ್ಸಲ್ ಮಾಡ್ತೇನೆ ಮಗಾ, ನೀನು ಓದು” ಎಂದೆ. “ನನಗೆ ಹೆದರಿಕೆ ಆಯ್ತು. ಅದಕ್ಕೇ ಬೈದದ್ದು.”



“ನಂಗೂ ಹೆದರಿಕೆ ಆಗಿತ್ತು ಅಪ್ಪ. ನಾನಿದ್ದೇನೆ ಅಂತ ನೀವೊಂದು ಮಾತು ಹೇಳ್ತೀರಿ ಅಂತ ಕಾಯ್ತಾ ಇದ್ದೆ.”