ಬಿಸಿಲೆ ರಸ್ತೆಯ ಪಿನ್ನಿನ ಅಕ್ಕ

ಅವರ ಮೆರೂನ್ ಬಣ್ಣದ ಸ್ವೆಟರು ಎಡಗಡೆಗೆ ಯಾವಾಗಲೂ ಒಂದಿಷ್ಟು ಜೋತುಬಿದ್ದಿರುತ್ತಿತ್ತು. ಎದೆಯಿಂದ ಸೊಂಟದವರೆಗೆ ಚುಚ್ಚಿಕೊಂಡಿದ್ದ ಎನಾಮಲ್ ಪಿನ್ನುಗಳ ಭಾರ ಅದು. ಹೆಚ್ಚೆಂದರೆ ಹಳೆಯ ಎಂಟಾಣೆಯಷ್ಟು ಅಗಲದ ಲೋಹದ ಬಿಲ್ಲೆಗಳು. ಮೇಲೆ ಬಣ್ಣ ತುಂಬಿದ ಬೆಟ್ಟ, ಹದ್ದು, ಲಾರಿ, ಹಲ್ಲು ಕಿರಿಯುವ ಬೆಕ್ಕು. ಹಿಂದೆ ಬಟ್ಟೆಗೆ ಚುಚ್ಚುವ ಸಣ್ಣ ಮೊಳೆ, ಅದು ಕಳಚದಂತೆ ರಬ್ಬರಿನ ಒಂದು ಬಿರಡೆ. ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ರಸ್ತೆಗೆ ಅವರು ಓಡಾಡುವಾಗ ಬಿಲ್ಲೆಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಅವರು ಓಡಾಡದ ಹೊತ್ತೇ ಇರಲಿಲ್ಲವಾದ್ದರಿಂದ ಆ ಸದ್ದು ನಿಂತದ್ದನ್ನು ನಾನು ಬಹಳ ಕಾಲ ಕೇಳಿರಲಿಲ್ಲ.

ಹೊಂಗಡಹಳ್ಳ ದಾಟಿ ಬಿಸಿಲೆಗೆ ಹೋಗುವ ರಸ್ತೆಯ ಒಂದು ತಿರುವಿನಲ್ಲಿ ಅವರ ಕ್ಯಾಂಟೀನಿತ್ತು. ತಗಡಿನ ಮಾಡು, ಎರಡು ಬೆಂಚು, ಕಾಫಿ, ಅಕ್ಕಿರೊಟ್ಟಿ, ಕೇಳಿದವರಿಗೆ ಮೊಟ್ಟೆ. ವಾರವೆಲ್ಲ ತೋಟದ ಕೆಲಸದವರು ಮತ್ತು ಬಸ್ಸಿಗೆ ಕಾಯುವವರು ಬರುತ್ತಿದ್ದರು. ಶನಿವಾರ ಭಾನುವಾರ ಘಾಟಿ ನೋಡಲು ಬೈಕಿನಲ್ಲಿ ಬರುವ ಹುಡುಗ ಹುಡುಗಿಯರ ಗುಂಪು. ಊರಿಗೆಲ್ಲ ಅವರು ಕ್ಯಾಂಟೀನ್ ಅಕ್ಕ. ಬೈಕಿನವರು ಆಂಟಿ ಎಂದು ಕರೆದರೆ ಕಾಫಿ ಸ್ವಲ್ಪ ತಡವಾಗಿ ಬರುತ್ತಿತ್ತು.

ನಾನು ಅಲ್ಲಿಗೆ ಪಶು ಆಸ್ಪತ್ರೆಯ ಕೆಲಸದ ಮೇಲೆ ಬಂದವಳು. ಮದ್ದೂರಿನ ಕಡೆಯ ಬಯಲಿನಲ್ಲಿ ಬೆಳೆದ ನನಗೆ ಈ ಗುಡ್ಡಗಳ ನಡುವೆ ಉಸಿರು ಕಟ್ಟಿದ ಹಾಗಾಗುತ್ತಿತ್ತು. ಸೂಟ್‌ಕೇಸಿನಿಂದ ಬಟ್ಟೆಯನ್ನು ಪೂರ್ತಿ ಹೊರಗೆ ತೆಗೆದಿರಲಿಲ್ಲ. ವರ್ಗಾವಣೆಗೆ ಅರ್ಜಿ ಹಾಕಿ, ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾಯುತ್ತಿದ್ದೆ. ಸ್ಕೂಟರಿನಲ್ಲಿ ಹಳ್ಳಿ ಹಳ್ಳಿ ತಿರುಗಿ ದನಕರುಗಳಿಗೆ ಚುಚ್ಚುಮದ್ದು ಹಾಕುವುದು ನನ್ನ ಕೆಲಸ. ಡಾಕ್ಟರಲ್ಲ ಎಂದು ಎಷ್ಟು ಹೇಳಿದರೂ ಕೇಳದೆ ಜನ ಡಾಕ್ಟ್ರಮ್ಮ ಎಂದೇ ಕರೆದರು. ಕ್ಯಾಂಟೀನಿಗೆ ಹೋದರೆ ಬೆಂಚಿನ ಮೇಲೆ ಕೂರಲು ನನಗೂ ಆಗುತ್ತಿರಲಿಲ್ಲ. ನಿಂತೇ ಕಾಫಿ ಕುಡಿಯುತ್ತಿದ್ದೆ. ನಿಂತೇ ಕಾಫಿ ಕುಡಿಯುವ ಇನ್ನೊಬ್ಬರು ಅಕ್ಕ ಮಾತ್ರ. ನಮ್ಮ ಸ್ನೇಹ ಬೆಳೆದದ್ದು ಹಾಗೆ.

ಅವರಿಗೆ ಮೊದಲ ಪಿನ್ನು ಬಂದದ್ದು ಮಳೆಯಲ್ಲಿ ತೊಯ್ದು ನಡುಗುತ್ತ ಬಂದ ಒಬ್ಬ ಬೈಕಿನ ಹುಡುಗಿಯಿಂದ. ಅಕ್ಕ ತಮ್ಮ ಸ್ವೆಟರನ್ನೇ ಬಿಚ್ಚಿ ಅವಳಿಗೆ ತೊಡಿಸಿ, ಅವಳ ಬಟ್ಟೆಯನ್ನು ಒಲೆಯ ಮೇಲಿನ ತಂತಿಗೆ ಹಾಕಿದರು. ಅವಳು ಹೋದ ಮೇಲೆ ನೋಡಿದರೆ ಸ್ವೆಟರಿನ ಎದೆಗೆ ಕೆಂಪು ಹಕ್ಕಿಯ ಒಂದು ಬಿಲ್ಲೆ. ಮುಂದಿನ ವಾರ ಬಂದವರು ಅದನ್ನು ಕಂಡು ತಮ್ಮದೊಂದನ್ನು ಕೊಟ್ಟರು. ಆಮೇಲೆ ಬಂದವರು ಅದಲುಬದಲು ಮಾಡಿಕೊಳ್ಳೋಣವೇ ಎಂದರು. ಪಿನ್ನು ಕೂಡಿಸುವವರ ಒಂದು ದೊಡ್ಡ ಲೋಕವೇ ಇದೆ, ಅವರು ಸೇರಿದಲ್ಲೆಲ್ಲ ಒಬ್ಬರದನ್ನು ಒಬ್ಬರು ಬದಲಿಸಿಕೊಳ್ಳುತ್ತಾರೆ ಎಂದು ಅಕ್ಕನಿಗೆ ತಿಳಿದದ್ದು ಆಗ. ತಿಳಿದ ಮೇಲೆ ನೆಮ್ಮದಿ ಹೋಯಿತು. ಶನಿವಾರ ಬೆಳಗಾದರೆ ಅವರ ಕಿವಿ ರಸ್ತೆಯಲ್ಲೇ ಇರುತ್ತಿತ್ತು. ದೂರದಲ್ಲಿ ಬೈಕಿನ ಸದ್ದಾದರೆ ರೊಟ್ಟಿಯನ್ನು ಹೆಂಚಿನ ಮೇಲೆ ಬಿಟ್ಟು ಹೊರಗೆ ಹೋಗಿ ನಿಲ್ಲುತ್ತಿದ್ದರು. ಸೀದ ರೊಟ್ಟಿ ತಿನ್ನುವ ಪಾಳಿ ಅವರ ಯಜಮಾನರದು. ಆ ಮನುಷ್ಯ ಮಾತಿಲ್ಲದೆ ತಿನ್ನುತ್ತಿದ್ದರು.

ಅವರನ್ನು ನೋಡಿ ನನಗೂ ಆ ಗೀಳು ಹತ್ತಿತು. ನನ್ನ ಅವಸರವೇ ಬೇರೆ. ಒಂದೊಂದಾಗಿ ಸಿಗುವ ತನಕ ಕಾಯಲಾರದೆ ಫೋನಿನಲ್ಲಿ ಹುಡುಕಿ, ಒಂದು ಚೀಲ ತುಂಬ ಪಿನ್ನುಗಳನ್ನು ಕಡಿಮೆ ಬೆಲೆಗೆ ತರಿಸಿದೆ. ಬೆಂಚಿನ ಮೇಲೆ ಸುರಿದಾಗ ಅಕ್ಕ ಒಂದನ್ನು ಎತ್ತಿಕೊಂಡು ಮುಂಭಾಗವನ್ನು ನೋಡಲೇ ಇಲ್ಲ. ತಿರುಗಿಸಿ ಹಿಂದೆ ನೋಡಿದರು. ಅಂಚಿನ ಮೇಲೆ ಉಗುರು ಎಳೆದರು.

“ದನ ಕೊಳ್ಳೋರಿಗೆ ನೀವೇ ಹೇಳ್ತೀರಲ್ಲ ಡಾಕ್ಟ್ರಮ್ಮ, ಬರೀ ಮುಖ ನೋಡ್ಬ್ಯಾಡಿ, ಹಿಂದ್ಗಡೆ ಹೋಗಿ ಕೆಚ್ಚಲು ನೋಡಿ ಅಂತ. ಇದೂ ಹಂಗೇ ಕಣ್ರೀ. ಬೆನ್ನು ನೋಡ್ಬೇಕು.”

ಬೇರೆಯವರ ಚಿತ್ರವನ್ನು ಕದ್ದು ರಾಶಿಗಟ್ಟಲೆ ಅಚ್ಚೊತ್ತಿದ ಪಿನ್ನುಗಳಂತೆ ಅವು. ಬಣ್ಣ ಗೆರೆ ದಾಟಿ ಚೆಲ್ಲಿತ್ತು, ಅಂಚು ತರಚುತ್ತಿತ್ತು, ಮೊಳೆ ಮುಟ್ಟಿದರೆ ಬಾಗುತ್ತಿತ್ತು. ಅಕ್ಕನಿಗೆ ಇದು ಹೇಗೆ ಗೊತ್ತಾಯಿತೆಂದರೆ, ಅವರೂ ಒಮ್ಮೆ ಮೋಸ ಹೋಗಿದ್ದರು. ಹೊಳಪಿಗೆ ಮರುಳಾಗಿ ಒಂದು ಒಳ್ಳೆಯ ಪಿನ್ನನ್ನು ಇಂಥದ್ದೊಂದಕ್ಕೆ ಕೊಟ್ಟುಬಿಟ್ಟಿದ್ದರು. ಆಮೇಲೆ ಬಂದ ಬೈಕಿನವರನ್ನೆಲ್ಲ ಹಿಡಿದು ನಿಲ್ಲಿಸಿ ಅಸಲಿ ನಕಲಿಯ ಬಗ್ಗೆ ಕೇಳಿ ಕಲಿತಿದ್ದರು. ಅಸಲಿಯಲ್ಲೂ ಎರಡು ಬಗೆ. ಒಂದರ ಮೈ ಗಾಜಿನ ಹಾಗೆ ಸಮ, ಇನ್ನೊಂದರಲ್ಲಿ ಬಣ್ಣ ತಗ್ಗಿನಲ್ಲಿದ್ದು ಲೋಹದ ಗೆರೆ ಬೆರಳಿಗೆ ಸಿಗುತ್ತದೆ. ಎರಡೂ ಒಳ್ಳೆಯವೇ, ಯಾವುದನ್ನೂ ಕೀಳು ಮಾಡಬೇಡಿ ಎನ್ನುತ್ತಿದ್ದರು.

ಹೊಸದಾಗಿ ಶುರುಮಾಡಿದವಳು ಎಂದು ನನಗೆ ಅವರು ಹೇಳಿಕೊಟ್ಟದ್ದನ್ನೆಲ್ಲ ಓಡಾಡುತ್ತಲೇ ಹೇಳಿದರು, ಹಾಗಾಗಿ ನನ್ನ ನೆನಪಿನಲ್ಲೂ ಅದು ಚೂರುಚೂರಾಗಿದೆ. ಕೊಡಲು ಮನಸ್ಸಿಲ್ಲದ ಪಿನ್ನನ್ನು ಹಲಗೆಗೆ ಚುಚ್ಚಿ ಜನರ ಮುಂದೆ ಇಡಬಾರದು, ಅದು ಎದುರಿನವರಿಗೆ ಆಸೆ ತೋರಿಸಿ ಕೈ ಹಿಂದೆಳೆದ ಹಾಗೆ. ಕಂಡ ಕೂಡಲೇ ಹೂಂ ಅನ್ನಬಾರದು. ಅಂಚೆಯಲ್ಲಿ ಬದಲಿಸುವುದಾದರೆ ಹೊಸಬರು ಮೊದಲು ಕಳಿಸಬೇಕು, ನಂಬಿಕೆ ಹುಟ್ಟುವುದು ಹಾಗೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಬೆನ್ನಿಗೆ ಹಸಿರು ಕಿಲುಬು ಹತ್ತುತ್ತದೆ. ಇದಕ್ಕಾಗಿ ನಮ್ಮ ಆಸ್ಪತ್ರೆಯ ಔಷಧಿ ಡಬ್ಬಿಗಳಲ್ಲಿ ಬರುವ, ತೇವ ಹೀರುವ ಪುಟ್ಟ ಪೊಟ್ಟಣಗಳನ್ನು ನಾನು ಅವರಿಗೆ ಕೂಡಿಸಿ ಕೊಡುತ್ತಿದ್ದೆ. ಎಲ್ಲಕ್ಕಿಂತ ಹೆಚ್ಚಾಗಿ, ಪಿನ್ನು ಕೈಗೆ ಬಂದಾಗ ಇದು ಎಲ್ಲಿಯದು, ನಿಮಗೆ ಯಾರು ಕೊಟ್ಟರು ಎಂದು ಕೇಳಲೇಬೇಕು. ಕೇಳದೆ ತಂದ ಪಿನ್ನನ್ನು ತೋರಿಸಿದರೆ ನನ್ನನ್ನೇ ಗದರುತ್ತಿದ್ದರು. ಅಪರಿಚಿತರನ್ನು ಮಾತಾಡಿಸಲು ನನಗೆ ಸಂಕೋಚ. ನನ್ನ ಪರವಾಗಿಯೂ ಅವರೇ ಕೇಳುತ್ತಿದ್ದರು.

ಒಮ್ಮೆ ಮಡಿಕೇರಿಯಲ್ಲಿ ಪಿನ್ನು ಕೂಡಿಸುವ ಬೈಕಿನವರೆಲ್ಲ ಸೇರುತ್ತಾರೆಂಬ ಸುದ್ದಿ ಬಂತು. ಅಕ್ಕ ಆ ವಾರವಿಡೀ ಕಾಫಿಗೆ ಸಕ್ಕರೆ ಹಾಕಲು ಮರೆತರು. ಯಜಮಾನರ ಅಣ್ಣ ಹೆಗ್ಗದ್ದೆಯಿಂದ ಬಂದವರು, ವಯಸ್ಸಾದ ಹೆಂಗಸು ಬೈಕಿನ ಹುಡುಗರ ಜೊತೆ ಊರೂರು ತಿರುಗುವುದು ನಮ್ಮ ಮನೆತನಕ್ಕೆ ಒಪ್ಪುವ ಮಾತಲ್ಲ ಎಂದು ಬೆಂಚಿನ ಮೇಲೆ ಕೂತು ದೊಡ್ಡ ದನಿಯಲ್ಲಿ ಹೇಳಿದರು. ಅಕ್ಕ ಪಾತ್ರೆ ತಿಕ್ಕುತ್ತಲೇ ಇದ್ದರು, ತಿಕ್ಕಿದ್ದನ್ನೇ ತಿಕ್ಕಿದರು. ಯಜಮಾನರು ಬಾಯಿಬಿಟ್ಟದ್ದನ್ನು ನಾನು ಕೇಳಿದ್ದು ಅವತ್ತೇ ಮೊದಲು.

“ಹೋಗ್ಬುಟ್ಟು ಬರ್ಲಿ ಬಿಡಣ್ಣ. ಕಾಫಿ ನಾನು ಕಾಯಿಸ್ತೀನಿ.”

ನನ್ನ ಸ್ಕೂಟರಿನಲ್ಲಿ ಹೊರಟೆವು. ವಣಗೂರು, ಸೋಮವಾರಪೇಟೆ, ಮಾದಾಪುರ. ಹಿಂದೆ ಕೂತ ಅಕ್ಕ ಪ್ರತಿ ತಿರುವಿನಲ್ಲೂ ಇನ್ನೆಷ್ಟು ದೂರ ಎಂದು ಕೇಳುತ್ತಿದ್ದರು. ಮಡಿಕೇರಿಯಲ್ಲಿ ಒಂದು ಕಲ್ಯಾಣ ಮಂಟಪದ ಅಂಗಳದಲ್ಲಿ ಮೇಜು ಹಾಕಿಕೊಂಡು ನೂರಾರು ಜನ. ಅಕ್ಕ ಸ್ವಲ್ಪ ಹೊತ್ತು ಗೇಟಿನಲ್ಲೇ ನಿಂತರು. ಆಮೇಲೆ ಒಳಗೆ ನುಗ್ಗಿದವರು ನನ್ನ ಕೈಗೆ ಸಿಗಲಿಲ್ಲ. ಎಲ್ಲಿಂದಲೋ ಆ ಕಿಣಿಕಿಣಿ ಕೇಳುತ್ತಿತ್ತು, ನಾನು ಅದರ ಹಿಂದೆ ಹೋಗುತ್ತಿದ್ದೆ.

ಮಧ್ಯಾಹ್ನ ಕಳೆದ ಮೇಲೆ ಒಬ್ಬ ತೆಳ್ಳನೆಯ ಹುಡುಗ ಅಕ್ಕನ ಎದುರು ಬಂದು ನಿಂತುಬಿಟ್ಟ. ಅವನ ಕಣ್ಣು ಸ್ವೆಟರಿನ ಕೆಳಗಿನ ಸಾಲಿನಲ್ಲಿದ್ದ ಹಳದಿ ಲಾಟೀನಿನ ಪಿನ್ನಿನ ಮೇಲಿತ್ತು. ಅದನ್ನು ಬರೆದವನು ತನ್ನ ಗೆಳೆಯ, ಜೊತೆಗೆ ತಿರುಗಿದ ಕೆಲವೇ ಜನರಿಗೆ ಮಾಡಿಸಿ ಕೊಟ್ಟಿದ್ದ, ತನ್ನದು ಕಳೆದುಹೋಯಿತು, ಗೆಳೆಯನೂ ಹೆದ್ದಾರಿಯ ಅಪಘಾತದಲ್ಲಿ ತೀರಿಕೊಂಡ ಎಂದು ತಡೆದು ತಡೆದು ಹೇಳಿದ. ತನ್ನ ಹಲಗೆಯನ್ನು ಪೂರ್ತಿ ಅಕ್ಕನ ಮುಂದೆ ಹಿಡಿದ. ಇದರಲ್ಲಿರುವುದನ್ನೆಲ್ಲ ತೆಗೆದುಕೊಳ್ಳಿ, ಅದೊಂದನ್ನು ಕೊಡಿ ಎಂದ.

ಅಕ್ಕ ಕೈಯಿಂದ ಲಾಟೀನನ್ನು ಮುಚ್ಚಿಕೊಂಡರು. ಇದು ಅದಲುಬದಲಿಗೆ ಅಲ್ಲ ಕಣಪ್ಪ, ಕೊಟ್ಟವನು ನನಗಂತ ಕೊಟ್ಟದ್ದು ಎಂದರು. ಹುಡುಗ ಮತ್ತೆ ಕೇಳಲಿಲ್ಲ. ತಲೆಯಾಡಿಸಿ ಹೋದ. ಅಕ್ಕ ಆಮೇಲೆ ಯಾವ ಮೇಜಿಗೂ ಹೋಗಲಿಲ್ಲ, ಹೊರಡೋಣ ಎಂದರು.

ಹಿಂದಿರುಗುವ ದಾರಿ ಹಿಡಿದೆವು. ಎಷ್ಟು ದೂರ ಎಂದು ಅಕ್ಕ ಈಗ ಕೇಳಲಿಲ್ಲ. ಆದರೆ ಬೆನ್ನ ಹಿಂದೆ ಅವರು ಮಿಸುಕಾಡುತ್ತಲೇ ಇದ್ದರು, ಸ್ಕೂಟರು ಅತ್ತಿತ್ತ ಓಲಾಡುತ್ತಿತ್ತು. ಮಾದಾಪುರ ಇನ್ನೇನು ಬಂತು ಅನ್ನುವಾಗ ನನ್ನ ಭುಜ ಹಿಡಿದರು.

“ತಿರುಗ್ಸಿ ಡಾಕ್ಟ್ರಮ್ಮ. ನಂಗೆ ಲಾಟೀನು ಕೊಟ್ಟೋನ ಪರಿಚಯ ಒಂದು ಲೋಟ ಕಾಫಿದು. ಆ ಹುಡುಗಂಗೆ ಎಷ್ಟು ವರ್ಷದ್ದೋ ಏನೋ.”

ಸ್ಕೂಟರು ನಿಲ್ಲಿಸಿ, ಕತ್ತಲಾದರೆ ವಣಗೂರಿನ ಕಡೆ ಆನೆ ಇಳಿಯುತ್ತದೆ, ಊರು ಸೇರಲು ಆಗುವುದಿಲ್ಲ ಎಂದೆ. ಅವರು ಆಗಲೇ ಇಳಿದು ಮಡಿಕೇರಿಯ ಕಡೆಗೆ ಮುಖಮಾಡಿ ನಿಂತಿದ್ದರು. ತಿರುಗಿಸಿದೆ. ಮಂಟಪದ ಅಂಗಳದಲ್ಲಿ ಮೇಜು ಮಡಚುತ್ತಿದ್ದರು. ಹುಡುಗ ಬೈಕಿಗೆ ಚೀಲ ಬಿಗಿಯುತ್ತಿದ್ದ. ಅಕ್ಕ ಹೋಗಿ ಅವನ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತರು. ಅವರು ಹಾಗೆ ಒಂದು ಕಡೆ ಕೂತದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ.

ಅವನ ಗೆಳೆಯ ಕ್ಯಾಂಟೀನಿಗೆ ಬಂದಿದ್ದ ದಿನದ ಕತೆಯನ್ನು ಅಕ್ಕ ಹೇಳಿದರು. ಬೈಕಿನ ಚೈನು ತುಂಡಾಗಿ ಮೆಕ್ಯಾನಿಕ್ ಬರುವ ತನಕ ಕಾಯಬೇಕಾಗಿತ್ತು. ಸುಮ್ಮನೆ ಕೂರಲಾರದೆ ಅವನು ಕುಕ್ಕೆ ತುಂಬ ಇದ್ದ ಅವರೆಕಾಯಿಯನ್ನೆಲ್ಲ ಸುಲಿದು ಕೊಟ್ಟಿದ್ದ. ಹುಳುಕು ಕಾಳನ್ನೂ ಒಳ್ಳೆಯದರ ಜೊತೆ ಸೇರಿಸಿಬಿಟ್ಟಿದ್ದ. ಹೋಗುವಾಗ ಒಲೆಯ ಮುಂದೆ ನಿಂತು, ಅಮ್ಮನಿಗೆ ಫೋನ್ ಮಾಡಿ ಇಲ್ಲಿನ ರೊಟ್ಟಿ ನಿನ್ನ ರೊಟ್ಟಿಗಿಂತ ಚೆನ್ನಾಗಿದೆ ಎಂದು ರೇಗಿಸಿದ್ದ. ಹುಳುಕು ಕಾಳಿನ ಮಾತಿಗೆ ಹುಡುಗ ನಕ್ಕ. ಅವನೇ ಅದು, ಅವನು ಹಾಗೇ ಎಂದ. ನಗುತ್ತಲೇ ಅತ್ತ.

ಅಕ್ಕ ಲಾಟೀನನ್ನು ಬಿಚ್ಚಿ ಅವನ ಅಂಗೈಯಲ್ಲಿಟ್ಟು, ಅವನ ಹಲಗೆಯಿಂದ ತೀರ ಸಾಧಾರಣವಾದ ಒಂದು ಪಿನ್ನನ್ನು, ಬಿಳಿಯ ಕುರಿಯದನ್ನು, ತಾವೇ ಆರಿಸಿ ತೆಗೆದುಕೊಂಡರು. ಇನ್ನೂ ತೆಗೆದುಕೊಳ್ಳಿ ಎಂದು ಅವನು ಬೇಡಿಕೊಂಡ.

“ಸಾಕು. ನಾನೇನೂ ದಾನ ಮಾಡ್ಲಿಲ್ಲ, ನೀನೂ ತಗೊಂಡಿಲ್ಲ. ಬದಲಾಯಿಸ್ಕೊಂಡ್ವಿ ಅಷ್ಟೇಯ.”

ಆ ರಾತ್ರಿ ಸೋಮವಾರಪೇಟೆಯಲ್ಲಿ ನನ್ನ ಸಹೋದ್ಯೋಗಿಯೊಬ್ಬಳ ಮನೆಯಲ್ಲಿ ಉಳಿದೆವು. ಮರುದಿನ ಕ್ಯಾಂಟೀನಿಗೆ ಬಂದರೆ ಯಜಮಾನರ ಮುಖದಲ್ಲಿ ದೊಡ್ಡ ಹೆಮ್ಮೆ. ಅವರೂ ಒಂದು ವ್ಯಾಪಾರ ಮಾಡಿದ್ದರು. ಅಕ್ಕ ಡಬ್ಬಿಯಲ್ಲಿ ತೆಗೆದಿಟ್ಟಿದ್ದ ಒಂದು ಹದ್ದಿನ ಪಿನ್ನನ್ನು ಕೊಟ್ಟು ಒಂದು ಪ್ಲಾಸ್ಟಿಕ್ ಕೀ ಚೈನು ಪಡೆದಿದ್ದರು, ಒತ್ತಿದರೆ ಅದರಲ್ಲಿ ದೀಪ ಹತ್ತುತ್ತಿತ್ತು. ಅಕ್ಕ ಒಂದು ವಾರ ಅವರ ಬೆನ್ನು ಬಿಡದೆ ಬೈದರು. ಆದರೆ ಬಂದವರಿಗೆಲ್ಲ ತಾವೇ ಆ ದೀಪವನ್ನು ಒತ್ತಿ ತೋರಿಸುತ್ತಿದ್ದರು.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅವರ ಕಾಲು ಊದತೊಡಗಿತು. ಮೂತ್ರಪಿಂಡ ಕೆಟ್ಟಿದೆ ಎಂದರು ಹಾಸನದ ಡಾಕ್ಟರು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಒಲೆಯ ಮುಂದೆ ಒಂದು ನಿಮಿಷ ನಿಲ್ಲದಿದ್ದವರು ಹಾಸಿಗೆಯ ಮೇಲೆ, ಕೈಗೆ ಸೂಜಿ ಚುಚ್ಚಿಸಿಕೊಂಡು, ನಾಲ್ಕು ಗಂಟೆ ಅಲ್ಲಾಡದೆ ಮಲಗಬೇಕಾಗಿತ್ತು. ರಜೆ ಸಿಕ್ಕಾಗ ನಾನು ಜೊತೆಗೆ ಹೋಗುತ್ತಿದ್ದೆ. ಅಲ್ಲಿಯೂ ಅವರು ಬಿಟ್ಟಿರಲಿಲ್ಲ. ಯಂತ್ರ ನೋಡಿಕೊಳ್ಳುವ ಹುಡುಗಿಗೆ ಪಿನ್ನಿನ ಹುಚ್ಚು ಹಿಡಿಸಿದ್ದರು. ಪಕ್ಕದ ಹಾಸಿಗೆಯ ಬೆಳಗೋಡಿನ ರೈತರ ಟವೆಲ್ಲಿನ ಮೇಲೂ ಒಂದು ಬೆಕ್ಕು ಕೂತಿತ್ತು.

ಅಂಥ ಒಂದು ದಿನ, ಕಾಲಿನ ಬೆರಳುಗಳನ್ನು ಸುಮ್ಮನಿರಿಸಲಾರದೆ ಹೊದಿಕೆಯ ಕೆಳಗೆ ಆಡಿಸುತ್ತ, ನನಗೆ ಹೇಳಿದರು. “ನಾನು ಹೋದ್ಮೇಲೆ ಪಿನ್ನುಗಳನ್ನ ಗಾಜಿನ ಪೆಟ್ಟಿಗೇಲಿ ಹಾಕಿ ಗೋಡೆಗೆ ತಗುಲಿಹಾಕ್ಬ್ಯಾಡಿ. ನಂಗಂತೂ ಮಲಗಾಕೆ ಆಗಾಕಿಲ್ಲ. ಅವಾದ್ರೂ ಓಡಾಡ್ಕೊಂಡಿರ್ಲಿ.”

ಕಾಫಿ ಹಣ್ಣು ಕುಯ್ಯುವ ದಿನಗಳಲ್ಲಿ ಅವರು ತೀರಿಕೊಂಡರು. ಬೆಳಿಗ್ಗೆ ಹಾಸನದ ಬಸ್ಸಿಗೆ ಹೊರಟು ನಿಂತವರು ಬಾಗಿಲಲ್ಲೇ ಕುಸಿದರಂತೆ.

ತಿಥಿಯ ಮರುವಾರ ಯಜಮಾನರು ಕ್ಯಾಂಟೀನಿನ ಬೆಂಚಿನ ಮೇಲೆ ಒಂದು ಗೋಣಿಚೀಲ ಹಾಸಿ, ಪಿನ್ನುಗಳನ್ನೆಲ್ಲ ಹರಡಿದರು. ಬೈಕಿನವರಿಗೆ ಹೇಗೋ ಸುದ್ದಿ ಮುಟ್ಟಿತ್ತು, ರಸ್ತೆಯ ಎರಡೂ ಬದಿಯಲ್ಲಿ ಬೈಕುಗಳು ನಿಂತಿದ್ದವು. ಹೆಲ್ಮೆಟ್ಟನ್ನು ಎದೆಗವಚಿಕೊಂಡು ಎಲ್ಲರೂ ದೂರದಲ್ಲೇ ನಿಂತಿದ್ದರು. ಮೊದಲು ಯಾರೂ ಮುಂದೆ ಬರಲಿಲ್ಲ. ಯಜಮಾನರು ನನ್ನ ಕಡೆ ತಿರುಗಿದರು.

“ಯಾವ್ದು ಯಾರು ಕೊಟ್ಟಿದ್ದು ಅಂತ ನನಗೆ ಗೊತ್ತಿಲ್ಲ ಡಾಕ್ಟ್ರಮ್ಮ. ನಿಮಗೆ ಗೊತ್ತೈತೆ. ನೀವು ಹೇಳ್ತಾ ಹೋಗಿ, ನಾನು ಕೊಡ್ತಾ ಹೋಗ್ತೀನಿ.”

ನನಗೆ ಗೊತ್ತಿತ್ತು. ಗೊತ್ತಿದೆಯೆಂಬುದೇ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕೆಂಪು ಹಕ್ಕಿಯಿಂದ ಶುರುಮಾಡಿದೆ. ಒಬ್ಬೊಬ್ಬರೇ ಬಂದು ಒಂದನ್ನು ತೆಗೆದುಕೊಂಡು ತಮ್ಮದೊಂದನ್ನು ಅಲ್ಲಿಟ್ಟರು. ಒಂದೊಂದರ ಕತೆಯನ್ನೂ ತೆಗೆದುಕೊಂಡವರಿಗೆ ಹೇಳಿದೆ, ಮಧ್ಯಾಹ್ನದ ಊಟದ ನೆನಪೂ ಆಗಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಅಕ್ಕನ ಪಿನ್ನು ಒಂದೂ ಉಳಿದಿರಲಿಲ್ಲ. ಗೋಣಿಚೀಲದ ತುಂಬ ಬೇರೆಯವರವು. ಸೇತುವೆ, ಮೀನು, ದೋಣಿ, ಯಾವುದೋ ಊರಿನ ಗಡಿಯಾರದ ಗೋಪುರ. ಅವುಗಳಲ್ಲಿ ಒಂದರ ಕತೆಯೂ ನನಗೆ ತಿಳಿದಿರಲಿಲ್ಲ.

ಬೈಕಿನವರು ಹೊರಡಲು ಎದ್ದಿದ್ದರು. ನಾನು ಗಡಿಯಾರದ ಗೋಪುರವನ್ನು ಕೈಗೆತ್ತಿಕೊಂಡು ರಸ್ತೆಗೆ ಓಡಿದೆ. ಅದನ್ನು ಇಟ್ಟು ಹೋಗಿ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದ ಅಪರಿಚಿತ ಹೆಂಗಸನ್ನು ತಡೆದು ನಿಲ್ಲಿಸಿ ಕೇಳಿದೆ, ಇದು ಎಲ್ಲಿಯದು, ನಿಮಗೆ ಯಾರು ಕೊಟ್ಟರು.