ನಾಲ್ಕು ಹಾಳೆಗಳನ್ನು ಬರೆದವಳು

ವಸು, ಆ ನಾಲ್ಕು ಹಾಳೆಗಳನ್ನು ಬರೆದದ್ದು ನಾನೇ ಎಂದು ಹೇಳಿ ಕೆಲಸ ಗಿಟ್ಟಿಸಿಕೊಂಡೆ. ಬರೆದವಳು ನೀನು. ಹತ್ತು ವರ್ಷಕ್ಕೂ ಮಿಕ್ಕಿ ಹೋದ ತಿಂಗಳವರೆಗೆ ಇದನ್ನು ಯಾರೆದುರೂ ಆಡಿರಲಿಲ್ಲ — ನಮ್ಮ ಮನೆಯವರೆದುರೂ.

ರಿಸೆಷನ್ನಿನ ಆ ಚಳಿಗಾಲ ನಿನಗೆ ನೆನಪಿರಬೇಕು. ಹಾಫ್‌ಮನ್ ಎಸ್ಟೇಟ್ಸಿನಲ್ಲಿ ನಿಮ್ಮದೂ ನಮ್ಮದೂ ಒಂದೇ ಬಡಾವಣೆ, ನಡುವೆ ಮೂರೇ ಮನೆ. ಹದಿನೆಂಟು ವರ್ಷ ರೇಡಿಯೋ ಎಂಜಿನಿಯರ್ ಆಗಿ ದುಡಿದಿದ್ದ ನನ್ನನ್ನು ಕಂಪನಿ ಮನೆಗೆ ಕಳಿಸಿತ್ತು. ಬೇಜಾರು ಕಳೆಯಲಿ ಎಂದು ನಮ್ಮವರು ಆ ಸ್ಕ್ಯಾನರ್ ತಂದುಕೊಟ್ಟರು — ಫೈರ್ ಇಂಜಿನ್ನಿನವರು, ರೈಲಿನವರು ತಮ್ಮತಮ್ಮಲ್ಲಿ ಆಡುವ ಮಾತು ಕೇಳಿಸುವ, ಅಂಗೈಯಲ್ಲಿ ಕೂರುವ ರೇಡಿಯೋ.

ಮೂರು ವಾರ ಅದು ನನಗೆ ಬರೀ ಸೊರ್ರೆನ್ನುವ ಸದ್ದು ಕೇಳಿಸಿತು. ಒಂದೊಂದು ಗುಂಡಿಗೆ ಮೂರು ಮೂರು ಅರ್ಥ. ಒಂದನ್ನು ಒತ್ತಿ, ಬಿಟ್ಟು, ಇನ್ನೊಂದನ್ನು ಒತ್ತಬೇಕು. ಸ್ವಲ್ಪ ತಡವಾದರೆ ಮೊದಲಿನ ಮೆನುವಿಗೇ ವಾಪಸ್. ಸಿಸ್ಟಮ್, ಅದರೊಳಗೆ ಗ್ರೂಪ್, ಅದರೊಳಗೆ ಚಾನೆಲ್ — ನಾನು ಎಲ್ಲಿದ್ದೇನೆಂದು ಆ ಬೆರಳಗಲದ ಪರದೆ ಹೇಳುತ್ತಿರಲಿಲ್ಲ. ಜೊತೆಗೆ ಬಂದಿದ್ದ ಪುಸ್ತಕವನ್ನು ಬರೆದವನಿಗೆ ಎಲ್ಲವೂ ಗೊತ್ತಿತ್ತು, ಗೊತ್ತಿಲ್ಲದವರೂ ಇರುತ್ತಾರೆ ಎಂಬುದೊಂದನ್ನು ಬಿಟ್ಟು. ಒಂದು ಮಧ್ಯಾಹ್ನ, ಎರಡು ಗಂಟೆ ಕೂತು ತುಂಬಿಸಿದ್ದ ಚಾನೆಲ್‌ಗಳನ್ನೆಲ್ಲ ನನ್ನ ಕೈಯಾರೆ ಅಳಿಸಿಬಿಟ್ಟೆ. ಅದೇ ಹೊತ್ತಿಗೆ ನೀನು ಕರಿಬೇವು ಕೇಳಲು ಬಂದೆ.

"ಕೊಡಿ ಪದ್ಮಕ್ಕ, ಮನೇಲಿ ಸುಮ್ನೆ ಕೂತಿರ್ತೀನಿ, ನೋಡ್ತೀನಿ," ಎಂದು ಕೈ ನೀಡಿದೆ.

ನೀನು ಮೈಸೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳು. ರೇಡಿಯೋ ನಿನ್ನ ವಿಷಯವಲ್ಲ. ನಿನ್ನ ಕೈಲೂ ಆಗುವುದಿಲ್ಲ ಎಂಬ ಧೈರ್ಯದಿಂದಲೇ ಕೊಟ್ಟೆ — ಇದನ್ನೂ ಹೇಳಿಬಿಡಬೇಕು.

ಐದನೆಯ ದಿನ ನೀನು ನಾಲ್ಕು ಹಾಳೆ ಹಿಡಿದು ಬಂದೆ. ಸಿಸ್ಟಮ್ ಅಂದರೆ ಊರು, ಗ್ರೂಪ್ ಅಂದರೆ ಬೀದಿ, ಚಾನೆಲ್ ಅಂದರೆ ಮನೆ; ಮೊದಲು ಊರು ಸೇರಿ, ಆಮೇಲೆ ಬೀದಿ ಹುಡುಕಿ — ಸರಳ ಇಂಗ್ಲಿಷಿನಲ್ಲಿ, ಗುಂಡಿಗಳ ಚಿತ್ರ ಬರೆದು, ಎಡವುವ ಕಡೆಯಲ್ಲೆಲ್ಲ ಕೆಂಪು ಶಾಯಿಯಲ್ಲಿ ಎಚ್ಚರಿಸಿ. ಯಂತ್ರ ಮಾತಾಡಿತು. ಯಾರೋ ಫೈರ್‌ಮನ್ ಇನ್ನೊಬ್ಬನನ್ನು, ಕಾಫಿ ಇಟ್ಟಿದ್ದೀಯಾ ಎಂದು ಕೇಳುತ್ತಿದ್ದ. "ನಮ್ಮನೆ ಎಂಜಿನಿಯರ್ ಕೈಲಿ ಆಗ್ಲಿಲ್ಲ ನೋಡಮ್ಮ," ಎಂದು ನಮ್ಮವರು ನಕ್ಕರು. ನೀನು ನಗಲಿಲ್ಲ. ನಕ್ಕಿದ್ದರೆ ಬಹುಶಃ — ಇಲ್ಲ, ಆಗಲೂ ನಾನು ಇಷ್ಟೇ ಉರಿಯುತ್ತಿದ್ದೆ. ಅಂದಿನಿಂದ ನಿನ್ನ ಕೈಯ ಸಾರು, ನಿನ್ನ ದುಂಡು ಅಕ್ಷರ, ಬಾಗಿಲಲ್ಲಿ ನೀನು ಬೂಟು ಕಳಚಿ ಜೋಡಿಸಿಡುವ ರೀತಿ, ಯಾವುದೂ ನನಗೆ ಸಹಿಸದಾಯಿತು.

ಟೈಪ್ ಮಾಡಿ ಇಡುತ್ತೇನೆಂದು ಹಾಳೆಗಳನ್ನು ಇಟ್ಟುಕೊಂಡೆ. ಟೈಪ್ ಮಾಡಿದೆ ಕೂಡ. ಕೊನೆಯಲ್ಲಿ ನೀನು ಸಣ್ಣಗೆ ಬರೆದಿದ್ದ ನಿನ್ನ ಹೆಸರನ್ನು ಮಾತ್ರ ಬಿಟ್ಟೆ. ಆಗಲೇ ಕದಿಯುವ ಯೋಚನೆ ಇತ್ತೇ? ಇರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಆದರೆ ಆ ಜಾಗಕ್ಕೆ ಬಂದಾಗ ನನ್ನ ಬೆರಳು ಒಂದು ಕ್ಷಣ ನಿಂತದ್ದು ನೆನಪಿದೆ.

ಮಾರ್ಚಿನಲ್ಲಿ ಪಕ್ಕದೂರು ಇಟಾಸ್ಕಾದಲ್ಲಿ, ಅಂಥವೇ ಸ್ಕ್ಯಾನರುಗಳನ್ನು ಮಾರುವ ಸಣ್ಣ ಕಂಪನಿಯೊಂದರಲ್ಲಿ ಇಂಟರ್‌ವ್ಯೂ ಇತ್ತು. ಕೊಂಡವರು ಬಳಸಲಾರದೆ ವಾಪಸ್ ಕೊಡುತ್ತಾರೆ ಎಂದು ಮ್ಯಾನೇಜರ್ ಗೋಳು ಹೇಳಿಕೊಂಡ. ನಾನು ಬ್ಯಾಗಿನಿಂದ ಹಾಳೆಗಳನ್ನು ತೆಗೆದುಕೊಟ್ಟೆ. ಆತ ಓದಿದ, ಮತ್ತೊಮ್ಮೆ ಓದಿದ. ಬರೆದದ್ದು ನೀವೇನಾ ಎಂದು ಕೇಳಿದ. ನಾನು "ಹೌದು" ಎಂದೆ. ಅಷ್ಟೇ ಮಾತು. ಕೆಲಸ ಸಿಕ್ಕಿತು.

ಆ ಬೇಸಿಗೆಯಲ್ಲಿ ನಿನ್ನ ಗಂಡ ಗಿರೀಶನ ಕೆಲಸವೂ ಹೋಯಿತು. ನಮ್ಮ ಅಡುಗೆಮನೆಯಲ್ಲಿ ನಿಂತು, ಬಹಳ ಸಂಕೋಚದಿಂದ ನೀನು ಕೇಳಿದೆ: "ನಿಮ್ ಕಂಪನೀಲಿ ನನಗೇನಾದ್ರೂ ಸಿಗುತ್ತಾ ಪದ್ಮಕ್ಕ? ಅವತ್ತು ಬರೆದ್ನಲ್ಲ, ಆ ಥರದ್ದು?"

"ಅದಕ್ಕೆಲ್ಲ ಇಲ್ಲಿನ ಡಿಗ್ರಿನೇ ಕೇಳ್ತಾರೆ ವಸು," ಎಂದುಬಿಟ್ಟೆ ನಾನು.

ಡಿಗ್ರಿಯನ್ನು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ನೀನು ತಲೆಯಾಡಿಸಿ, "ಹೌದಲ್ವಾ, ಕೇಳ್ತಾರೆ," ಎಂದು ಮನೆಗೆ ನಡೆದೆ. ಮೊದಲನೆಯದು ಕಳ್ಳತನ. ಇದಕ್ಕೆ ಏನೆನ್ನಬೇಕೋ ನನಗೆ ಇಂದಿಗೂ ತಿಳಿಯದು.

ನೀವು ಮಿಷಿಗನ್ನಿಗೆ ಹೋದಿರಿ. ಅಲ್ಲಿನ ವಿಕ್ಸಮ್ಮಿನಲ್ಲಿ ಗಿರೀಶನಿಗೆ ಕಾಂಟ್ರ್ಯಾಕ್ಟ್ ಕೆಲಸ. ನಿನಗೆ ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಟೇಪು ಹಚ್ಚುವ ಕೆಲಸ. ನಾನೋ ನಿನ್ನ ಹಾಳೆಗಳನ್ನು ಕಂಪನಿಯ ಪುಸ್ತಕವನ್ನಾಗಿ ಮಾಡಿ ಶಹಬ್ಬಾಸ್ ಅನ್ನಿಸಿಕೊಂಡೆ.

ಆರು ವರ್ಷ ಕಳೆದು ನಿಮ್ಮ ಗೃಹಪ್ರವೇಶಕ್ಕೆ ಬಂದೆವಲ್ಲ — ಮೇಜಿನ ಮೇಲೆ ನಿನ್ನ ಮಗಳು ಮೇಘನಾ ಶಾಲೆಯ ಕ್ಲಬ್ಬಿನಿಂದ ತಂದಿದ್ದ ಸ್ಕ್ಯಾನರ್ ಇತ್ತು, ಪಕ್ಕದಲ್ಲಿ ನಮ್ಮ ಕಂಪನಿಯ ಆ ಪುಸ್ತಕ. ನೀನು ಕೈ ಚಾಚಿದೆ.

"ಅಮ್ಮಾ, ಡೋಂಟ್ ಟಚ್ ಇಟ್. ಯು ವೋಂಟ್ ಅಂಡರ್‌ಸ್ಟ್ಯಾಂಡ್ ಇಟ್," ಎಂದಳು ಮೇಘನಾ.

ನೀನು ಪುಸ್ತಕ ತೆರೆದೆ. ಊರು, ಬೀದಿ, ಮನೆ. ಒಂದೇ ಪುಟವನ್ನು ಬಹಳ ಹೊತ್ತು ನೋಡಿದೆ. ಆಮೇಲೆ ಅದನ್ನು ಮುಚ್ಚಿ, "ಯಾರೋ ಚೆನ್ನಾಗಿ ಬರೆದಿದಾರೆ, ಅಲ್ವಾ ಪದ್ಮಕ್ಕ?" ಎನ್ನುತ್ತ ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಬಡಿಸಿದೆ.

ನಾನು ತಿಂದೆ. ಹೇಳಬಹುದಿತ್ತು, ಮಗಳು ಎದುರಿಗೇ ಇದ್ದಳು — ತಿಂದೆ. ಮುನ್ನೂರು ಮೈಲಿ ವಾಪಸ್ ಬರುವಾಗ ದಾರಿಯುದ್ದಕ್ಕೂ, ಹಾಗೆ ಸುಮ್ಮನಿರಲು ನಿನ್ನಿಂದ ಹೇಗೆ ಸಾಧ್ಯವಾಯಿತೆಂದು, ಅದಕ್ಕೂ ಹೊಟ್ಟೆಕಿಚ್ಚು ಪಟ್ಟೆ.

ಹೋದ ತಿಂಗಳು ನಿವೃತ್ತಳಾದೆ. ಹಳೆಯ ಮ್ಯಾನೇಜರಿಗೆ ಬರೆದು ನಿಜ ತಿಳಿಸಿದೆ. ಆ ಮಾಡೆಲ್ ನಿಂತು ಎಷ್ಟೋ ಕಾಲವಾಯಿತು, ಈಗೇಕೆ ಇದೆಲ್ಲ ಎಂದು ಉತ್ತರ ಬಂತು. ತಿದ್ದೋಣವೆಂದರೆ ಪುಸ್ತಕವೇ ಉಳಿದಿಲ್ಲ.

ಶನಿವಾರ ಮೇಘನಾ ನಿಮ್ಮ ಮನೆಗೆ ಬರುತ್ತಾಳೆಂದು ತಿಳಿಯಿತು. ಅಂದು ನಾನು ವಿಕ್ಸಮ್ಮಿಗೆ ಡ್ರೈವ್ ಮಾಡಿಕೊಂಡು ಬರುತ್ತೇನೆ. ಕ್ಷಮೆ ಕೇಳುವುದಕ್ಕಲ್ಲ — ಕೇಳಿದರೆ ನೀನು ಕೊಟ್ಟುಬಿಡುತ್ತೀಯೆ. ಅವಳ ಅಮ್ಮ ಏನು ಬರೆದಿದ್ದಳು, ನಾನು ಏನು ಮಾಡಿದೆ ಎಂಬುದನ್ನು ಅವಳೆದುರು ಕೂತು, ಅವಳಿಗೆ ತಿಳಿಯುವ ಇಂಗ್ಲಿಷಿನಲ್ಲಿ, ಒಂದೂ ಬಿಡದೆ ಹೇಳಬೇಕು. ಬರುವುದು ಬೇಡ ಎಂದು ನೀನು ಅಂದರೆ ಬರುವುದಿಲ್ಲ. ಆಗ ಇದೇ ಕಾಗದವನ್ನು ಇಂಗ್ಲಿಷಿನಲ್ಲಿ ಅವಳಿಗೂ ಬರೆಯುತ್ತೇನೆ.