ಶಾಂತರಾಜುವಿನ ಬಲಗಣ್ಣು

ನನ್ನ ತಮ್ಮ ಶಾಂತರಾಜು ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗಿಬರುವ ಖಾಸಗಿ ಬಸ್ಸೊಂದರ ಚಾಲಕನಾಗಿದ್ದ. ಬೆಳಗಿನ ಮೊದಲ ಬಸ್ಸು ಅವನದು. ಊರು ಏಳುವುದಕ್ಕೆ ಮುಂಚೆ, ತೆರಕಣಾಂಬಿಯ ದಾರಿಯಲ್ಲಿ, ಎದುರಿನ ಗಾಜಿನ ನಡುವೆ ದಿನವೂ ಬೆಳ್ಳಿಚುಕ್ಕಿ ಕಾಣುತ್ತಿತ್ತಂತೆ. ಒಂದು ದಿನ ಅದು ಕಾಣಲಿಲ್ಲ, ಆಮೇಲೆಯೂ ಕಾಣಲಿಲ್ಲ. ಎಲ್ಲಿಗೆ ಹೋಯಿತೆಂದು ಕಂಡಕ್ಟರ್ ಮಹದೇವನನ್ನು ಕೇಳಿದನಂತೆ.

"ಟಿಕೀಟು ತಕ್ಕಂಡಿರ್ನಿಲ್ಲ, ಇಳುಸ್ಬುಟ್ಟೆ ಕಣ್ಲಾ" ಎಂದನಂತೆ ಮಹದೇವ.

ತಮಾಷೆಗೆ ಸಮಾಧಾನಗೊಳ್ಳುವ ಸ್ವಭಾವ ನನ್ನ ತಮ್ಮನದಲ್ಲ. ಆ ದಿನಗಳಲ್ಲಿ ನಾನು ಸಾಕ್ಷರತೆಯವರ ಸಂಜೆ ಶಾಲೆಗೆ ಹೋಗುತ್ತಿದ್ದೆ. ಅಲ್ಲಿಗೆ ಬಂದಿದ್ದ ಮೇಷ್ಟ್ರೊಬ್ಬರು ದೂರದರ್ಶಕ ಕಟ್ಟುವ ಕ್ರಮವನ್ನು ತೋರಿಸಿಕೊಟ್ಟರು. ನನ್ನನ್ನು ಮನೆಗೆ ಕರೆದೊಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದ ಶಾಂತರಾಜು ಅದನ್ನು ಕೇಳಿಸಿಕೊಂಡ. ಮೈಸೂರಿನ ಕನ್ನಡಕದ ಅಂಗಡಿಯಿಂದ ಮಸೂರ ತಂದ. ಬೋರ್‌ವೆಲ್ಲಿಗೆ ಇಳಿಸಿ ಉಳಿದಿದ್ದ ಪ್ಲಾಸ್ಟಿಕ್ ಪೈಪಿನ ತುಂಡಿಗೆ ಅದನ್ನು ಕೂರಿಸಿದ. ಬಿದಿರಿನ ಮೂರು ಕಾಲು ಕಟ್ಟಿ ನಮ್ಮ ಹಿತ್ತಲಿನಲ್ಲಿ ನಿಲ್ಲಿಸಿದ. ಪೈಪಿನ ಬಾಯಿಗೆ ಡಾಲ್ಡಾ ಡಬ್ಬಿಯ ಮುಚ್ಚಳ ಸರಿಹೋಯಿತು.

ನಮ್ಮ ಹಿತ್ತಲಿನ ಆಕಾಶ ಒಳ್ಳೆಯ ಆಕಾಶವಲ್ಲ. ಪಕ್ಕದ ಕಣದಲ್ಲಿ ಮಾಘ, ಫಾಲ್ಗುಣದುದ್ದಕ್ಕೂ ಅರಿಸಿನ ಬೇಯಿಸುತ್ತಾರೆ. ಕರಿಕಲ್ಲು ಹೇರಿದ ಕ್ವಾರಿ ಲಾರಿಗಳು ಎಬ್ಬಿಸಿದ ಧೂಳು ಕತ್ತಲಾದರೂ ಇಳಿಯುವುದಿಲ್ಲ. ಬೇಸಿಗೆ ಬಂತೆಂದರೆ ಬಂಡೀಪುರದ ಕಡೆ ಕಾಡಿಗೆ ಬೆಂಕಿ ಬಿದ್ದು, ಹಂಗಳ ಹಳ್ಳಿಯ ಮೇಲಿಂದ ಹೊಗೆ ತೇಲಿ ಬರುತ್ತದೆ. ಆದರೂ ಶಾಂತರಾಜು ಆಕಾಶವನ್ನು ಎಂದೂ ದೂರಿದವನಲ್ಲ. "ನಿಂತ್ಕಳಿ, ಹೊಗೆ ಸರಿತದೆ" ಎಂದು ನೆರೆಹೊರೆಯವರನ್ನು ನಿಲ್ಲಿಸಿ, ಹೊಗೆ ಸರಿದ ಗಳಿಗೆಯಲ್ಲಿ ಗುರುಗ್ರಹದ ಚಂದ್ರರನ್ನು ತೋರಿಸುತ್ತಿದ್ದ.

ತೊಂಬತ್ತೇಳನೆಯ ಇಸವಿಯ ಸಂಕ್ರಾಂತಿ ಕಳೆದ ಮೇಲೆ ಅವನು ಆಕಾಶವನ್ನು ಬೈಯಲು ತೊಡಗಿದ. ಹೊಗೆ ಎಂದ, ಮಂಜು ಎಂದ, ಧೂಳು ಎಂದ. ಪಕ್ಕದಲ್ಲಿ ನಿಂತ ನನಗೆ ಬರಿಗಣ್ಣಿಗೇ ಕಾಣುವ ಚುಕ್ಕಿ ಅವನ ಪೈಪಿನಲ್ಲಿ ಮಸುಕಾಗುವುದು ಹೇಗೆಂದು ನಾನು ಯೋಚಿಸಿದೆ. ಆದರೆ ಕೇಳಲಿಲ್ಲ. ಮಸೂರಕ್ಕೆ ಬೂಷ್ಟು ಹಿಡಿದಿರಬೇಕೆಂದುಕೊಂಡೆ.

ಆ ವರ್ಷದ ಯುಗಾದಿಯ ಹೊತ್ತಿಗೆ ಊರಿಗೆ ಊರೇ ಅಂಜಿತ್ತು. ಸಂಜೆಯಾದರೆ ವಾಯವ್ಯದಲ್ಲಿ ಬಾಲಚುಕ್ಕಿ ಕಾಣುತ್ತಿತ್ತು. ಬಸುರಿಯರು ಹೊರಗೆ ಬರುತ್ತಿರಲಿಲ್ಲ. ನಮ್ಮ ಬೀದಿಯ ಹಿರಿಯ ದೊಡ್ಡಮಾದಯ್ಯ, "ಬಾಲ ಬುಟ್ಕಂಡು ಬಂದದೆ. ಬರಿಗೈಲಿ ಓಗಾಕಿಲ್ಲ, ಯಾರ್ನಾದ್ರೂ ಕರ್ಕಂಡೇ ಓಗದು" ಎಂದು ಕಂಡಕಂಡವರಿಗೆ ಹೇಳುತ್ತಿದ್ದ. ನಾನು ಅಂಥದನ್ನು ನಂಬುವವಳಲ್ಲ. ನನ್ನ ಹೆದರಿಕೆ ಬೇರೆ ಕಡೆಯಿಂದ ಬಂತು.

ಯುಗಾದಿಯ ಮರುದಿನ ಸಂಜೆ ಚಂದ್ರನನ್ನು ಕಾಣಬೇಕು. ಕಂಡ ಮೇಲೆ ಹಿರಿಯರ ಕಾಲಿಗೆ ಬೀಳಬೇಕು. ಕಾಣುವ ತನಕ ಹಬ್ಬ ಮುಗಿದಂತಲ್ಲ. ಅಂದು ಪಡುವಣದಲ್ಲಿ ಹೊಗೆ ದಟ್ಟವಾಗಿ ನಿಂತಿತ್ತು. ಯಾರ ಕಣ್ಣಿಗೂ ಚಂದ್ರ ಬೀಳದೆ, ಬೀದಿಯ ಜನ ನಮ್ಮ ಹಿತ್ತಲಿಗೆ ಬಂದರು. ಕೊಂಬು ಯಾವ ಕಡೆ ಬಾಗಿದೆಯೆಂದು ನೋಡಿ ಮಳೆಬೆಳೆ ಹೇಳುವ ರೂಢಿ ನಮ್ಮಲ್ಲಿ ಇರುವುದರಿಂದ ಎಲ್ಲರಿಗೂ ಅವಸರ. ಶಾಂತರಾಜು ಪೈಪನ್ನು ಪಡುವಣಕ್ಕೆ ತಿರುಗಿಸಿ, ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಇಟ್ಟ.

"ಕಂಡನೇನ್ಲಾ?" ಎಂದ ದೊಡ್ಡಮಾದಯ್ಯ.

"ತಡಿ ಮಾವ. ಹೊಗೆ ಜಾಸ್ತಿ ಅದೆ." ಪೈಪನ್ನು ಅತ್ತಿತ್ತ ಸರಿಸಿ ಅವನು ಹೇಳಿದ: "ಆ... ಕಂಡ. ಮಸುಕ್‌ಮಸುಕಾಗಿ ಕಂಡ. ಬಡಗಲು ಕೊಂಬು ಮ್ಯಾಲದೆ."

"ಬಡಗಲು ಕೊಂಬು ಮ್ಯಾಲಿದ್ರೆ ಮಳೆಗೆ ಮೋಸಿಲ್ಲ ಬುಡು."

ಜನ ಕೈಮುಗಿದರು. ಆಗ ನಾನು ಪೈಪಿನ ಬಾಯಿಯನ್ನು ನೋಡಿದೆ. ಹೊಗೆಯ ಮಸಿ ಕೂರದಿರಲೆಂದು ಮಧ್ಯಾಹ್ನ ನಾನೇ ಹಾಕಿದ್ದ ಡಾಲ್ಡಾ ಮುಚ್ಚಳ ಹಾಗೆಯೇ ಇತ್ತು.

ತಗಡನ್ನು ನೋಡುತ್ತ ನನ್ನ ತಮ್ಮ ಚಂದ್ರನ ಕೊಂಬನ್ನು ವರ್ಣಿಸಿದ್ದ. ಮುಚ್ಚಿದ್ದನ್ನೂ ತೆರೆದದ್ದನ್ನೂ ಬೇರೆಮಾಡಿ ತಿಳಿಯಲಾರದ ಆ ಕಣ್ಣನ್ನು ಇಟ್ಟುಕೊಂಡು ಅವನು ನಾಳೆ ಬೆಳಿಗ್ಗೆ ಜನ ತುಂಬಿದ ಬಸ್ಸನ್ನು ಓಡಿಸುವವನಿದ್ದ.

ಜನ ಒಬ್ಬರ ಕಾಲಿಗೊಬ್ಬರು ಬಾಗುತ್ತಿದ್ದಾಗ ನಾನು ಸದ್ದಿಲ್ಲದೆ ಮುಚ್ಚಳ ತೆಗೆದು ಸೆರಗಿನಲ್ಲಿ ಸುತ್ತಿಕೊಂಡೆ. ನನ್ನ ತಮ್ಮ ಹತ್ತು ಜನರೆದುರು ನಗೆಗೀಡಾಗುವುದು ನನಗೆ ಬೇಕಿರಲಿಲ್ಲ. ಹೊಗೆ ಸರಿದ ಗಳಿಗೆಯಲ್ಲಿ ಪೈಪಿನಲ್ಲಿ ನೋಡಿದ ದೊಡ್ಡಮಾದಯ್ಯ, "ಎರಡು ಕೊಂಬೂ ಸಮ ಅವೆ ಕಣ್ಲಾ, ಬಡಗಲು ಎಲ್ಲಿ ಮ್ಯಾಲದೆ? ಹಬ್ಬದೂಟ ಕಣ್ಣಿಗೇರ್ಬುಟ್ಟದೆ ನಿಂಗೆ" ಎಂದ. ಎಲ್ಲರೂ ನಕ್ಕರು. ಶಾಂತರಾಜುವೂ ನಕ್ಕ.

ಜನ ಹೋದ ಮೇಲೆ ಮುಚ್ಚಳವನ್ನು ಅವನ ಕೈಗಿಟ್ಟೆ. ಅವನಿಗೆ ಅರ್ಥವಾಯಿತು. ಅವನ ಹೆಂಡತಿ ಚಿಕ್ಕನಿಂಗಮ್ಮ ಒಳಗಿದ್ದಳು. ಅವಳಿಗೆ ಕೇಳಿಸದಂತೆ ದನಿ ತಗ್ಗಿಸಿ ಹೇಳಿದ. ಸಂಕ್ರಾಂತಿಯ ಹಿಂದಿನ ವಾರ, ಮುಂದೆ ಹೋಗುತ್ತಿದ್ದ ಕ್ವಾರಿ ಲಾರಿಯ ಚಕ್ರದಿಂದ ಕಲ್ಲಿನ ಚೂರು ಸಿಡಿದು ಕಿಟಕಿಯಿಂದ ಬಂದು ಬಲಗಣ್ಣಿಗೆ ಬಡಿದಿತ್ತು. ಕೆಂಪು ಹೋಯಿತು, ನೋವು ಹೋಯಿತು, ಮಂಜು ಮಾತ್ರ ಉಳಿಯಿತು.

"ಡಾಕ್ಟ್ರಿಗೆ ತೋರಿಸಿದೆಯಾ?"

"ತೋರ್ಸಿದ್ರೆ ಓಡಿಸ್ಬೇಡ ಅಂತಾರೆ. ಸುಮ್ನಿರಕ್ಕ. ಬಸ್ಸ ಎರಡೂ ಕಣ್ಣು ಬುಟ್ಕಂಡು ಓಡುಸ್ತಿನಿ. ಒಂದೇ ಕಣ್ಣಲ್ಲಿ ನೋಡದು ಈ ಹಾಳು ಪೈಪಲ್ಲೇಯ."

"ಬಲಗಡೆಯಿಂದ ಬರುವವರನ್ನು ಯಾವ ಕಣ್ಣಲ್ಲಿ ನೋಡುತ್ತಿ?"

"ಕತ್ತು ತಿರುಗಾಕಿಲ್ವಾ ನಂಗೆ? ಸ್ಟೇರಿಂಗ್ ಬುಟ್ರೆ ನಾನೇನು ಮಾಡ್ಲಿ, ಯೋಳು. ಬ್ಯಾರೆ ಏನು ಬತ್ತದೆ ನಂಗೆ?"

ಅವನ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಭಯವಿತ್ತು. ಆ ಭಯ ನನ್ನನ್ನೂ ಹಿಡಿಯಿತು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮರುದಿನ ಚಾಮರಾಜನಗರಕ್ಕೆ ಹೋಗಿ, ಸಂಜೆ ಹಿಂತಿರುಗುವ ಅವನ ಬಸ್ಸಿಗೇ ಹತ್ತಿದೆ. ನನ್ನನ್ನು ಕಂಡು ಅವನು ಮುಖ ತಿರುಗಿಸಿದ. ಮಹದೇವ, "ಏನಕ್ಕ, ತಮ್ಮನ ಕಾಯಕ್ಕೆ ಬಂದಂಗದೆ?" ಎಂದು ನಗುತ್ತ ಎಂಜಿನ್ನಿನ ಪಕ್ಕದ ಸೀಟನ್ನು ಬಿಡಿಸಿಕೊಟ್ಟ. ಬಸ್ಸಿನಲ್ಲಿ ಸಂತೆ ಮುಗಿಸಿದ ಹೆಂಗಸರು, ಮದುವೆ ಜವಳಿ ತಂದವರು, ನಿಂತವರು, ಮಡಿಲಲ್ಲಿ ಮಲಗಿದ ಮಕ್ಕಳು. ಗುಂಡ್ಲುಪೇಟೆಯ ದಾರಿ ಪಡುವಣಕ್ಕೆ ಸಾಗುತ್ತದೆ. ಮುಳುಗುವ ಸೂರ್ಯ ಗಾಜಿನ ತುಂಬ ಹರಡಿದ್ದ. ಶಾಂತರಾಜು ಕಣ್ಣು ಕಿರಿದಾಗಿಸಿ, ಕತ್ತನ್ನು ಬಲಕ್ಕೆ ವಾಲಿಸಿ ಕುಳಿತಿದ್ದ. ಸ್ಟೇರಿಂಗ್ ಹಿಡಿದ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಪ್ರತಿ ದಿನ ಅವನು ಹೀಗೆಯೇ ಹೆದರಿಕೊಂಡು ಬರುತ್ತಿದ್ದನೆಂದು ನನಗೆ ಆಗ ತಿಳಿಯಿತು.

ತೆರಕಣಾಂಬಿ ದಾಟುವ ಹೊತ್ತಿಗೆ ಮಬ್ಬಾಗಿತ್ತು. ಎದುರಿನಿಂದ ಬಂದ ಲಾರಿಯ ದೀಪ ಅವನ ಮುಖಕ್ಕೆ ಹೊಡೆಯಿತು. ಲಾರಿ ಸರಿದ ಕೂಡಲೆ, ಅದರ ಮರೆಯಲ್ಲಿದ್ದವನೊಬ್ಬ ಸೈಕಲ್ಲಿನ ಮೇಲೆ ಮೇವಿನ ಹೊರೆ ಹೇರಿಕೊಂಡು, ತಳ್ಳಿಕೊಂಡು, ಬಲಗಡೆಯಿಂದ ರಸ್ತೆಗೆ ಇಳಿದ. ನಾನು ಕಂಡೆ. ಶಾಂತರಾಜು ಕಾಣಲಿಲ್ಲ. ಬಸ್ಸಿನ ವೇಗ ಎಳ್ಳಷ್ಟೂ ಇಳಿಯಲಿಲ್ಲ.

"ರಾಜು, ಬಲಕ್ಕೆ ಆಳು!"

ಬ್ರೇಕು ಕಿರುಚಿತು. ನಿಂತವರೆಲ್ಲ ಮುಂದಕ್ಕೆ ಮುಗ್ಗರಿಸಿದರು. ಯಾರದೋ ಟೊಮೆಟೊ ಬುಟ್ಟಿ ಉರುಳಿತು. ಬಸ್ಸು ನಿಂತಾಗ ಸೈಕಲ್ಲು ಮುಂಚಕ್ರದ ಹತ್ತಿರ ಬಿದ್ದಿತ್ತು, ಮೇವು ಚೆಲ್ಲಿತ್ತು. ಆ ಮನುಷ್ಯ ರಸ್ತೆಯಂಚಿನಿಂದ ಎದ್ದು ಬಂದು ಚಾಲಕನ ಬಾಗಿಲನ್ನು ಗುದ್ದಿದ.

"ಕಣ್ಣ ಮನೇಲಿ ಬುಟ್ಟು ಬಂದಿದ್ದೀಯೇನ್ಲಾ?"

ಮಹದೇವ ಇಳಿದು ಮೇವು ಎತ್ತಿಕೊಟ್ಟು ಸಮಾಧಾನ ಹೇಳಿ ಬಂದ. ಕತ್ತಲಾಗುತ್ತಿತ್ತು, ಹಿಂದೆ ಬೇರೆ ಬಸ್ಸಿರಲಿಲ್ಲ, ಮಕ್ಕಳು ಅಳುತ್ತಿದ್ದವು, ಜನ "ನಡಿಯಪ್ಪ, ನಡಿ" ಎನ್ನುತ್ತಿದ್ದರು. ಶಾಂತರಾಜು ನನ್ನ ಕಡೆ ನೋಡಿದ.

"ನೀನು ಯೋಳ್ತಾ ಬಾ ಅಕ್ಕ" ಎಂದ, ನನಗಷ್ಟೇ ಕೇಳುವಂತೆ.

ಅಲ್ಲಿಂದ ಗುಂಡ್ಲುಪೇಟೆಯವರೆಗೆ ಬಸ್ಸು ಎತ್ತಿನ ಗಾಡಿಯಂತೆ ನಡೆಯಿತು. ಬಲಕ್ಕೆ ಎಮ್ಮೆ, ಬಲಕ್ಕೆ ಮೋಟು ಮರ, ಬಲಕ್ಕೆ ಲೂನಾ ಗಾಡಿ ಬರುತ್ತದೆ, ಈಗ ಏನೂ ಇಲ್ಲ — ಹೀಗೆ ನಾನು ಹೇಳುತ್ತ ಹೋದೆ, ಅವನು ಕೇಳುತ್ತ ಹೋದ. "ಏನಕ್ಕ, ಡ್ರೈವಿಂಗ್ ಸ್ಕೂಲ್ ಇಟ್ಟಿದ್ದೀರಾ?" ಎಂದು ಹಿಂದಿನಿಂದ ಒಬ್ಬ ಕೇಳಿದ. ನಾನು ತಿರುಗಿ ನೋಡಲಿಲ್ಲ. ತಿರುಗಿದರೆ ಆ ಗಳಿಗೆಯಲ್ಲಿ ಬಲಗಡೆ ಏನಾದರೂ ಬಂದೀತೆಂಬ ಭಯ.

ಮಾರನೆಯ ಬೆಳಿಗ್ಗೆ ಅವನು ಬಸ್ಸು ಹೊರಡಿಸಲಿಲ್ಲ, ಅದರ ಕೀಲಿ ಹಿಡಿದು ಮಾಲೀಕರಾದ ಶಂಭುಲಿಂಗಪ್ಪನವರ ಅರಿಸಿನ ಮಂಡಿಗೆ ಹೊರಟ. "ನೀನೇ ಮಾತಾಡು ಅಕ್ಕ" ಎಂದ. "ಕಣ್ಣು ನಿನ್ನದು" ಎಂದೆ. ಜೊತೆಗೆ ಹೋದೆ, ಬಾಗಿಲ ಬಳಿ ನಿಂತೆ.

ಶಂಭುಲಿಂಗಪ್ಪನವರು ಎಲ್ಲವನ್ನೂ ಕೇಳಿದರು. ಕೆಟ್ಟವರಲ್ಲ, ಕಾಲ ಅಂಥದಾಗಿತ್ತು. "ಮದುವೆ ದಿನಗಳು ಕಣಪ್ಪ ಶಾಂತರಾಜು. ಈಗ ಹೋಗಿ ಡ್ರೈವರ್ ಅಂದ್ರೆ ಎಲ್ಲಿಂದ ತರ್ಲಿ? ಒಂದ್ ಕೆಲಸ ಮಾಡು. ಸಂಜೆ ಟ್ರಿಪ್ಪು ಬಿಟ್ಬಿಡು. ಹಗಲೊತ್ತು ಓಡ್ಸು. ಹಗಲು ಕಾಣ್ತದಲ್ಲ?"

ಶಾಂತರಾಜು ತಲೆ ಎತ್ತಿದ. ಅವನ ಮುಖದಲ್ಲಿ ಬೆಳಕು ಬಂದುದನ್ನು ನಾನು ಕಂಡೆ, ಮತ್ತು ನನಗೆ ಹಿಂದಿನ ಸಂಜೆಗಿಂತ ಹೆಚ್ಚು ಹೆದರಿಕೆಯಾಯಿತು. ಅವನು ಒಪ್ಪುತ್ತಾನೆ. ವಿಷಯ ತಿಳಿದ ಚಿಕ್ಕನಿಂಗಮ್ಮ ಬೆಳಿಗ್ಗೆ ಒಲೆಯ ಮುಂದೆ ಕುಳಿತು ಅತ್ತಿದ್ದಳು. ಅದನ್ನು ನೆನೆದಾದರೂ ಒಪ್ಪುತ್ತಾನೆ. ನನ್ನ ನಾಲಗೆಯ ತುದಿಗೆ ಮಾತು ಬಂತು. ನುಂಗಿದೆ.

ಅವನು ಕೀಲಿಯನ್ನು ಬೆರಳಲ್ಲಿ ಒಮ್ಮೆ ತಿರುಗಿಸಿದ.

"ನೆನ್ನೆ ಸೈಕಲ್ನೋನು ಉಳ್ಕಂಡಿದ್ದು ನಾನು ಬ್ರೇಕ್ ಹಾಕಿದ್ದಕ್ಕಲ್ಲ ಯಜಮಾನ್ರೆ. ಅಕ್ಕ ಕೂಗಿದ್ದಕ್ಕೆ. ಅಕ್ಕನ್ನ ದಿನಾ ಕೂರಿಸ್ಕಂಡು ಓಡ್ಸಕಾದದಾ?"

"ನಿಮ್ಮಕ್ಕನಿಗೂ ಸಂಬಳ ಕೊಟ್ಬುಡನ" ಎಂದು ಅವರು ನಕ್ಕರು.

"ಹಗಲೂ ಬ್ಯಾಡಿ ಯಜಮಾನ್ರೆ" ಎಂದು ಅವನು ಕೀಲಿಯನ್ನು ಮೇಜಿನ ಮೇಲಿಟ್ಟ.

ಮುಂದೆ ಮೈಸೂರಿನಲ್ಲಿ ಅವನ ಕಣ್ಣಿನ ಪೊರೆ ತೆಗೆದರು. ಮಂಜು ಕರಗಿತು, ನೋಟ ಪೂರ್ತಿ ಮರಳಲಿಲ್ಲ. ಬಸ್ ನಿಲ್ದಾಣದಲ್ಲಿ ಊರುಗಳ ಹೆಸರು ಕೂಗಿ ಜನರನ್ನು ಹತ್ತಿಸುವ ಏಜೆಂಟನಾಗಿ ಅವನು ಉಳಿದ ಕಾಲ ಕಳೆದ. ಆದರೆ ಆ ಬೆಳಿಗ್ಗೆ ನಮಗೆ ಅದೊಂದೂ ಗೊತ್ತಿರಲಿಲ್ಲ. ಮಂಡಿಯಿಂದ ಹೊರಬಂದು ಇಬ್ಬರೂ ಮನೆಯ ಕಡೆ ನಡೆದೆವು. ಹೆದ್ದಾರಿ ದಾಟುವಲ್ಲಿ ಅವನು ನಿಂತ. ಕತ್ತನ್ನು ಬಲಕ್ಕೆ ಪೂರಾ ತಿರುಗಿಸಿ, ಎಡಗಣ್ಣಿನಿಂದ ಬಹಳ ಹೊತ್ತು ನೋಡಿದ. ಊಟಿಯ ಕಡೆಗೆ ಹೋಗುವ ಬಸ್ಸೊಂದು ಬರುತ್ತಿತ್ತು. ಅದು ಹೋಗುವ ತನಕ ಅವನು ನನ್ನ ಕೈ ಹಿಡಿದುಕೊಂಡಿದ್ದ.